ಮರಳಿನ ಊರಿಗೆ ಬಂದ ಗುಂಡುಕಲ್ಲು

ಮೊನ್ನೆ ಸೂರತ್ ಪಕ್ಕದ ಹಜೀರಾದಲ್ಲಿ, ಮಗಳ ಕಂಪನಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಗುಂಡುಕಲ್ಲು ತೊಳೆಯಲೆಂದು ನೀರು ಸುರಿದೆ. ಒದ್ದೆ ಕಲ್ಲಿನ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಎದುರುಮನೆ ಮಾವ ನೆನಪಾಗಿಬಿಟ್ಟರು... ಅವತ್ತು ಮೊಮ್ಮಗನ ನಾಮಕರಣ. ಅಳಲು ಪುರುಸೊತ್ತಿರಲಿಲ್ಲ, ಆದರೂ ಅತ್ತೆ.

ಅಹಮದಾಬಾದಿನ ನವರಂಗಪುರದಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ನೆಂಟರಲ್ಲ, ಬಾಯಿಮಾತಿಗೆ ಮಾವ. ಗಂಗಾವತಿ ಕಡೆಯವರು, ಒಂಟಿ ಮನುಷ್ಯ. ಕೇಂದ್ರ ಸರ್ಕಾರದ ಕೆಲಸ. ಕಲ್ಲು ಬಂಡೆಗಳನ್ನು ಪರೀಕ್ಷಿಸುವುದೇ ಕಸುಬು. ಅಂಥವರನ್ನು ಈ ಊರಿಗೆ ಹಾಕಿದ್ದಾರಲ್ಲ ಎಂದು ನನಗೆ ನಗು. ಸಾಬರಮತಿ ತಂದು ಸುರಿದ ಮರಳು ಬಿಟ್ಟರೆ ಇಲ್ಲೇನಿದೆ?

"ನಾಯಿ ಕಂಡ್ರ ಕಲ್ಲಿಲ್ಲ, ಕಲ್ಲು ಕಂಡ್ರ ನಾಯಿಲ್ಲ ಅಂತಾರ," ಎನ್ನುತ್ತಿದ್ದರು. "ಈ ಊರಾಗ ನಾಯಿ ಇದ್ರೂ ಕಲ್ಲಿಲ್ಲ, ಇಲ್ದಿದ್ರೂ ಕಲ್ಲಿಲ್ಲ ನೋಡ್ ತಂಗಿ!"

ಕಲ್ಲಿನ ಮಾತೆತ್ತಿದರೆ ಮುಗಿಯಿತು, ಕಾಫಿ ಆರಿಹೋಗುತ್ತಿತ್ತು. ತಮ್ಮೂರ ಸುತ್ತಲಿನ ಬಂಡೆಗಳೆಲ್ಲ ವಾಲಿ ಸುಗ್ರೀವರು ಜಗಳದಲ್ಲಿ ಎಸೆದಾಡಿದವು ಎಂದು ಅವರ ತಾಯಿ ಹೇಳಿದ್ದರಂತೆ; ಇನ್ನೂರೈವತ್ತು ಕೋಟಿ ವರ್ಷ ಹಳೆಯವು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟರಂತೆ. ಮಾವ ಎರಡನ್ನೂ ನಂಬುತ್ತಿದ್ದರು. ಅಶೋಕ ಚಕ್ರವರ್ತಿ ತನ್ನ ಮಾತನ್ನು ಬಂಡೆಯ ಮೇಲೆ ಬರೆಸಿಹೋದ, ಇಲ್ಲಿ ಗಿರ್ನಾರಿನಲ್ಲಿ, ಅಲ್ಲಿ ಕೊಪ್ಪಳದಲ್ಲಿ. ಹಾಗಾಗಿ ನಾವೂ ಗುಜರಾತಿಗಳೂ ಕಲ್ಲಿನ ಕಡೆಯಿಂದ ನೆಂಟರು ಎನ್ನುವುದು ಅವರ ವಾದ.

ನನ್ನ ಮಗಳು ಎಂಟು ತಿಂಗಳಿಗೇ ಹುಟ್ಟಿದಳು. ಅಂಗೈಯಷ್ಟು ಕೂಸು... ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಮನೆಗೆ ಬಂದ ಮೇಲೂ ನಾನು ಹೆಸರಿಡಲಿಲ್ಲ. ಹೆಸರು ಹಿಡಿದು ಕರೆದ ಮೇಲೆ ಹೋಗಿಬಿಟ್ಟರೆ? ನಮ್ಮಲ್ಲಿ ತೊಟ್ಟಿಲ ಶಾಸ್ತ್ರದ ದಿನ ಗುಂಡುಕಲ್ಲಿಗೆ ಕುಲಾವಿ ತೊಡಿಸಿ, ಗುಂಡಪ್ಪ ಎಂದು ಕರೆದು, ಅದನ್ನು ಮೊದಲು ತೊಟ್ಟಿಲ ಕೆಳಗಿನಿಂದ ಕೈಯಿಂದ ಕೈಗೆ ದಾಟಿಸಿ ಆಮೇಲೆ ಮಗುವನ್ನು ದಾಟಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಯಾರು ಕೇಳಿದರೂ ನನ್ನದು ಒಂದೇ ನೆಪ: ಈ ಮಿಕ್ಸಿ ಊರಲ್ಲಿ ಗುಂಡುಕಲ್ಲು ಎಲ್ಲಿಂದ ತರಲಿ?

ಒಂದು ಬೆಳಿಗ್ಗೆ ಮಾವ ಟವೆಲ್ಲಿನಲ್ಲಿ ಏನನ್ನೋ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬಂದರು. ಅವರ ತಾಯಿ ಚಟ್ನಿ ರುಬ್ಬುತ್ತಿದ್ದ ಗುಂಡುಕಲ್ಲು. ತಾಯಿಯದೆಂದು ಅವರ ಬಳಿ ಉಳಿದಿದ್ದು ಅದೊಂದೇ.

"ನಿನ್ನ ನೆವ ಮುಗೀತಲ್ಲ? ಹೆಸರಿಡು," ಎಂದರು. ಆಮೇಲೆ ಮೆಲ್ಲಗೆ, "ಅಂಜಬ್ಯಾಡ ತಂಗಿ."

ತೊಟ್ಟಿಲ ಆಚೆ ನಿಂತು ಮೊದಲು ಕಲ್ಲನ್ನು, ಆಮೇಲೆ ಕೂಸನ್ನು ಅವರೇ ಕೈಯೊಡ್ಡಿ ತೆಗೆದುಕೊಂಡರು. ಕಲ್ಲನ್ನು ವಾಪಸು ಕೊಡಲು ಹೋದರೆ ಗದರಿದರು.

"ಅಣ್ಣ ತಂಗೀನ ಅಗಲಸ್ತೀಯೇನ? ಅಣ್ಣ ಸ್ವಲ್ಪ ದೊಡ್ಡಾವ. ಇನ್ನೂರೈವತ್ತು ಕೋಟಿ ವರ್ಷ, ಅಷ್ಟ!"

ಒಡಹುಟ್ಟಿದವರಿಲ್ಲದ ನನ್ನ ಮಗಳು ರಾಖಿ ಹಬ್ಬಕ್ಕೆ ಆ ಕಲ್ಲಿಗೇ ದಾರ ಕಟ್ಟುತ್ತಾ ಬೆಳೆದಳು, ಗುಂಡುಕಲ್ಲಿನಂತೆಯೇ ಬೆಳೆದಳು. ಮಾವ ನಿವೃತ್ತರಾಗಿ ಊರಿಗೆ ಹೊರಟುಹೋದರು. ಹೋದ ವರ್ಷ ತೀರಿಕೊಂಡರು. ಅವಳು ಬಸುರಿ ಎಂದು ಅವರಿಗೆ ಹೇಳುವ ಭಾಗ್ಯ ನನಗಿರಲಿಲ್ಲ... ಆ ಸಂಕಟ ಇನ್ನೂ ಆರಿಲ್ಲ.

ಮೊನ್ನೆ ತೊಟ್ಟಿಲ ಆಚೆ, ಮಾವ ನಿಲ್ಲಬೇಕಿದ್ದ ಜಾಗದಲ್ಲಿ, ಗುಜರಾತಿ ಬೀಗಿತ್ತಿ ಕೈಯೊಡ್ಡಿ ನಿಂತಿದ್ದರು. ಕುಲಾವಿ ತೊಟ್ಟ ಕಲ್ಲನ್ನು ದಾಟಿಸಿದೆ. ಕನ್ನಡ ಅಷ್ಟಕ್ಕಷ್ಟೇ ಬರುವ ನನ್ನ ಮಗಳು ಮಗುವಿನ ಕಿವಿಗೆ ಬಾಯಿಟ್ಟು, "ನೋಡು ಪುಟ್ಟಾ, ನಿಂದು ಮಾವ ಬಂತು," ಎಂದಳು.

ಅವಳ ಅಣ್ಣ ಅವಳ ಮಗನಿಗೆ ಮಾವನೇ ತಾನೆ, ಸಂಬಂಧವೇನೋ ಸರಿ. 'ಬಂತು' ಅಲ್ಲ ಕಣೇ, 'ಬಂದರು' ಅನ್ನು ಎಂದು ತಿದ್ದಲು ಹೋದೆ. ತಿದ್ದದೆ, ಮಗುವಿನ ಇನ್ನೊಂದು ಕಿವಿಗೆ ನಾನೇ ಬಾಯಿಟ್ಟು, "ಎದುರುಮನೆ ಮಾವನೂ ಬಂದರು ಪುಟ್ಟಾ," ಎಂದೆ.