ಹಸಿರು ಚೌಕಗಳು

ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಲ್ಯಾಬಿಗೆ ನಮ್ಮ ಕಂಪನಿಯ ಸಾಫ್ಟ್‌ವೇರ್ ಹಾಕಿಕೊಡಲು ಹೋಗಿದ್ದೆ. ಒಡೆದು ಎರಡಾಗುತ್ತಿರುವ ಜೀವಕೋಶ ಕಂಡಲ್ಲೆಲ್ಲ ಅದು ಹಸಿರು ಚೌಕ ಹಾಕುತ್ತಿತ್ತು. ನಮ್ಮ ಐಟಿ ಮಂದಿಗೆ ಸರಿ ಬಂದದ್ದೆಲ್ಲ ಹಸಿರೇ. ಮೊದಲ ರೋಗಿಯ ಗಡ್ಡೆಯ ಚೂರಿದ್ದ ಗಾಜಿನ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟೊಡನೆ ಪರದೆಯೆಲ್ಲ ಹಸಿರಾಯಿತು.

"ಒಂದೂ ಬಿಟ್ಟಿಲ್ಲ ನೋಡಿ, ಮೇಡಂ," ಎಂದೆ ಹೆಮ್ಮೆಯಿಂದ.

ಕಲಬುರಗಿ ಕಡೆಯವರಾದ ಲ್ಯಾಬಿನ ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗಾಯ ಮಾಯೂದು, ಕೂಸು ಬೆಳೆಯೂದು ಎಲ್ಲಾ ಕೋಶ ಹಿಂಗ ಒಡಿಯೂದ್ರಿಂದನ ರೀ. ಆದ್ರ ಇವಕ್ಕ ಎಲ್ಲಿ ನಿಲ್ಲಬೇಕಂತ ಗೊತ್ತಿಲ್ಲ. ಹೊರಗ ಬೆಂಚಿನ ಮ್ಯಾಲ ಕುಂತಾಳಲ್ಲ, ಆ ಹುಡುಗೀದು ಈ ಸ್ಲೈಡು."

ಹೊರಡುವಾಗ ಆ ಬೆಂಚಿನತ್ತ ನೋಡದೆ ದಾಟಿಬಂದೆ. ಮರುದಿನ ಆಫೀಸಿನಲ್ಲಿ ಚೌಕಗಳ ಬಣ್ಣ ಕೆಂಪು ಮಾಡಿದೆ. ನನ್ನ ಕೈಲಾದದ್ದು ಅಷ್ಟೇ.