ಇರುವೆಯ ಸೊಂಟ

2013ರ ಜೂನ್, ಗುರುವಾರ ಬೆಳಗಿನ ಐದೂಕಾಲು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನ ನಾಲ್ಕನೇ ಮಹಡಿಯ ಮನೆಯಲ್ಲಿ ಕ್ಯಾಮಿಲಸ್ ಬಕೆಟ್ ನೀರಿಗೆ ಒಂದು ಮಿಡತೆಯನ್ನು ಬಿಡುತ್ತಾರೆ. ತೇಲುತ್ತದೆ. ಮುಂದಿನದು ಇರುವೆ. ಕ್ಷಣ ನಿಂತು, ವಾಲಿ, ಮುಳುಗುತ್ತದೆ.

ಎರಡೂ ನಿಜವಾದ ಹುಳಗಳಲ್ಲ. ಗಾಳದ ಕೊಕ್ಕೆಗೆ ನೂಲು, ಜಿಂಕೆಯ ಕೂದಲು, ಫೋಮ್ ಸುತ್ತಿ ಮಾಡಿದವು. ತಣ್ಣನೆಯ ದೇಶಗಳ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಬೇಸಿಗೆಯಲ್ಲಿ ದಡದ ಹುಲ್ಲಿನಿಂದ ನೀರಿಗೆ ಬಿದ್ದ ಮಿಡತೆ, ಇರುವೆಗಳಿಗೆ ಬಾಯಿ ಹಾಕುತ್ತದೆ. ಶಾಲೆಗಳು ಮುಚ್ಚಿ ರಜೆಗೆ ಊರಿಗೆ ಹೊರಡುವ ಯುರೋಪಿನವರು ಹಮ್ದಾನ್ ಸ್ಟ್ರೀಟ್ ಹಿಂದಿನ ಗಾಳದ ಅಂಗಡಿಯಿಂದ ಇವನ್ನು ಒಯ್ಯುತ್ತಾರೆ. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹುಳ ಕಟ್ಟುತ್ತಿರುವ ಕ್ಯಾಮಿಲಸ್ ಜೀವಂತ ಟ್ರೌಟನ್ನು ಒಮ್ಮೆಯೂ ಕಂಡಿಲ್ಲ. "ನಮಗೆ ಗೊತ್ತಿರುದು ಬಂಗುಡೆ, ಬೂತಾಯಿ ಮಾತ್ರ ಮಾರಾಯ್ರೆ," ಎಂದು ನಗುತ್ತಾರೆ.

ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರಿಗೆ ಐವತ್ತೊಂಬತ್ತು; ಕಳೆದ ವರ್ಷದಿಂದ ಬಲಗೈ ನಡುಗುತ್ತಿದೆ. ಈ ತಿಂಗಳು ವೀಸಾ ಮುಗಿಯುತ್ತದೆ, ನವೀಕರಣದ ಅರ್ಜಿಗೆ ಮಾಲೀಕರು ಇನ್ನೂ ಸಹಿ ಹಾಕಿಲ್ಲ. ಇವತ್ತು ಹತ್ತು ಗಂಟೆಗೆ ಅಂಗಡಿಯಲ್ಲಿ ಮಾಲೀಕರು, ಕ್ಯಾಮಿಲಸ್ ಈ ಸಲ ಕಟ್ಟಿದ ನೂರಿಪ್ಪತ್ತು ಹುಳಗಳನ್ನೂ ನೀರಿಗೆ ಬಿಟ್ಟು ನೋಡುತ್ತಾರೆ; ಸಹಿಯ ಮಾತು ಆಮೇಲೆ. ಗಂಟು ಸಡಿಲಾದೀತೆಂಬ ಹೆದರಿಕೆಗೆ ಕ್ಯಾಮಿಲಸ್ ನಾಲ್ಕು ಸುತ್ತು ಜಾಸ್ತಿ ಸುತ್ತುತ್ತಾರೆ. ಇರುವೆಯ ಸೊಂಟ ದಪ್ಪವಾಗಿ, ಆ ಭಾರಕ್ಕೇ ಮುಳುಗುತ್ತದೆ.

"ನಿಮ್ಮ ಇರುವೆ ಮದುವೆ ಊಟ ಮುಗಿಸಿ ಬಂದ ಹಾಗೆ ಉಂಟು. ಇಲ್ಲಿ ಕೊಡಿ," ಎನ್ನುತ್ತಾರೆ ಹೆಂಡತಿ ಮಾರ್ಟಿನಾ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಾ ಬೆಳೆದವರು. ತೊಟ್ಟು ನಲುಗದಂತೆ ಬಾಳೆನಾರು ಬಿಗಿದು ಪಳಗಿದ ಬೆರಳುಗಳು ಎರಡೇ ಸುತ್ತಿಗೆ ಸೊಂಟ ಮುಗಿಸುತ್ತವೆ. ಇಷ್ಟು ವರ್ಷ ಮುಟ್ಟಲೂ ಬಿಡದ ಗಂಡ ಮುಂದಿನ ಇರುವೆಯನ್ನು ತಾವೇ ಆಕೆಯತ್ತ ಸರಿಸುತ್ತಾರೆ. ಬೆಳಗಿನ ಎಂಟು ಹೊಡೆಯುವುದರೊಳಗೆ, ಮುಳುಗಿದ ಹನ್ನೊಂದು ಇರುವೆಗಳನ್ನೂ ಆಕೆ ಬಿಚ್ಚಿ ಕಟ್ಟುತ್ತಾರೆ.

ಅಂಗಡಿಯಲ್ಲಿ ಒಂದೂ ಮುಳುಗುವುದಿಲ್ಲ. ಮಾಲೀಕ ಅಬೂಬಕ್ಕರ್ ಅವುಗಳಲ್ಲಿ ಮಾರ್ಟಿನಾ ಕಟ್ಟಿದ ಒಂದು ಇರುವೆಯನ್ನು ಬೆಳಕಿಗೆ ಹಿಡಿಯುತ್ತಾರೆ. "ಫಸ್ಟ್ ಕ್ಲಾಸ್! ನಿಮ್ಮ ಕೈಗೆ ಪ್ರಾಯವೇ ಆಗ್ಲಿಲ್ಲ ಕ್ಯಾಮಿಲಸ್," ಎನ್ನುತ್ತಾ ಅರ್ಜಿಯನ್ನು ಎಳೆದುಕೊಂಡು ಪೆನ್ನು ತೆಗೆಯುತ್ತಾರೆ.

ಸುಮ್ಮನಿದ್ದರೆ ಎರಡು ವರ್ಷ ನಿಶ್ಚಿಂತೆ.

"ಅದು ಮಾರ್ಟಿನಾ ಕಟ್ಟಿದ್ದು ಸಾಹುಕಾರ್ರೆ. ನನ್ನ ಕೈ ನಡುಗ್ತದೆ."

ಪೆನ್ನು ಜೇಬಿಗೆ ಮರಳುತ್ತದೆ. "ವಾರದ ರಜೆ ಮುಗೀಲಿ, ಭಾನುವಾರ ಮಾತಾಡುವ," ಎನ್ನುತ್ತಾರೆ ಅಬೂಬಕ್ಕರ್, ತಲೆಯೆತ್ತದೆ.

ಬಾಯಿ ಮುಚ್ಚಿಕೊಂಡಿರಬಹುದಿತ್ತಲ್ಲ ಎಂದು ಕೇಳಿದರೆ ಕ್ಯಾಮಿಲಸ್ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾರೆ. "ಹೆದರಿಕೆ ಉಂಟು, ಇಲ್ಲ ಅಂತ ಅಲ್ಲ. ಆದ್ರೆ ಅಷ್ಟು ಚಂದದ ಕೆಲಸವನ್ನು ನನ್ನದು ಅಂತ ಹೇಗೆ ಹೇಳುದು?"