ಯಶವಂತನಗರದಲ್ಲಿ ಬಿಳಿ ಬಣ್ಣ ಹುಡುಕಿದ್ದು

ಕಳಿಸಿದ ಸೀರೆ ಮತ್ತೆ ವಾಪಸ್ ಬಂತು.

ಹೊಸಪೇಟೆಯ ಟೀಚರೊಬ್ಬರು ನನ್ನ ವಿಡಿಯೋ ನೋಡಿ, ಕಿತ್ತಳೆ ಬಣ್ಣ ಅಂತ ಆಸೆಪಟ್ಟು ತರಿಸಿಕೊಂಡಿದ್ದರು. ಕವರ್ ಬಿಚ್ಚಿದರೆ ಅಪ್ಪಟ ಅರಿಶಿಣ! ಅವರು ಬೈಯಲಿಲ್ಲ, ಪಾಪ. ಅವರಿಗಿಂತ ಮುಂಚೆ ವಾಪಸ್ ಕಳಿಸಿದವರು ಮಾತ್ರ ಚೆನ್ನಾಗಿಯೇ ಬೈದಿದ್ದರು.

ನಾನಿರುವುದು ಸಂಡೂರಿನ ಹತ್ತಿರ, ಯಶವಂತನಗರದಲ್ಲಿ. ಮನೆಯವರು ಗಣಿ ಕಂಪನಿಯ ಬಸ್ ಓಡಿಸುತ್ತಾರೆ. ನಾನು ಅಂಗಳದಲ್ಲಿ ಇಳಕಲ್ ಸೀರೆಗಳ ವಿಡಿಯೋ ಮಾಡಿ ಆನ್‌ಲೈನಿನಲ್ಲಿ ಮಾರುತ್ತೇನೆ. ಸೀರೆ ಉಟ್ಟು ತಿರುಗಿ ತೋರಿಸುವವಳು ನನ್ನ ನಾದಿನಿ ರೇಣುಕಾ.

ತೊಂದರೆ ಏನೆಂದರೆ ನಮ್ಮೂರಿನ ಕೆಂಪು. ಕೆಂಪು ನೆಲ, ದಿನವಿಡೀ ಓಡಾಡುವ ಅದಿರಿನ ಲಾರಿ, ಅವು ಎಬ್ಬಿಸುವ ಧೂಳು... ಇಲ್ಲಿ ಏನೇ ಶೂಟ್ ಮಾಡಿದರೂ ಕೆಂಪು ಹೊಡೆಯುತ್ತದೆ.

ಅಷ್ಟರಲ್ಲಿ ಕಂಪ್ಲಿಯಿಂದ ಗಿರಿಜಕ್ಕ ಅನ್ನುವವರ ಫೋನ್. ಮಗಳ ಮದುವೆಯಂತೆ. ಮನೆಯ ಹೆಣ್ಣುಮಕ್ಕಳಿಗೆಲ್ಲ ಒಂದೇ ಥರದ ಗಿಣಿ ಹಸಿರು ಸೀರೆ ಬೇಕಂತೆ.

"ಮೊದ್ಲು ವಿಡಿಯೋದಾಗ ನೋಡ್ತೀನ್ರಿ. ವಿಡಿಯೋದಾಗೊಂದು ಕೈಯಾಗೊಂದು ಬಣ್ಣ ಬಂತಂದ್ರ ಇಡೀ ಗಂಟು ವಾಪಸ್. ಈಗ್ಲೇ ಹೇಳೀನಿ ಮತ್ತ!"

ಪಕ್ಕದಲ್ಲೇ ಕೂತು ಕೇಳುತ್ತಿದ್ದ ಅತ್ತೆ, "ಇದೂ ವಾಪಸ್ ಬಂತಂದ್ರ ಈ ಯಾಪಾರ ಬಂದ್ ಮಾಡಿಬಿಡವ್ವಾ. ಮಂದಿ ಬಾಯಾಗ ಬೀಳೋದು ಬ್ಯಾಡ" ಅಂದುಬಿಟ್ಟರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಆ ಹಾಳು ಕೆಂಪಿನ ಮೇಲೆ. ಈ ಮನೆಗೆ ಬಂದ ಮೇಲೆ ನನ್ನದು ಅಂತ ಹೇಳಿಕೊಳ್ಳಲು ಇರುವುದು ಈ ವ್ಯಾಪಾರ ಒಂದೇ. ಬಂದ್ ಮಾಡುವುದಂತೆ!

ಹೊಸ ಗಂಟು ತರಿಸಿ, ರೇಣುಕಾಳಿಗೆ ಗಿಣಿ ಹಸಿರು ಸೀರೆ ಉಡಿಸಿ ಅಂಗಳದಲ್ಲಿ ಶೂಟ್ ಮಾಡಿದೆ. ಅವಳ ಕಾಲೇಜಿಗೆಂದು ಕೊಡಿಸಿದ ಲ್ಯಾಪ್‌ಟಾಪಿಗೆ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಸಿದೆ. ತೆರೆದರೆ, ಅಬ್ಬಬ್ಬಾ, ಎಷ್ಟು ಡಬ್ಬಿಗಳು! ಎಡಕ್ಕೆ ಕ್ಲಿಪ್ಪುಗಳು, ನಡುವೆ ಚಿತ್ರ, ಕೆಳಗೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಉದ್ದನೆಯ ಟೈಮ್‌ಲೈನ್, ಬಲಕ್ಕೆ ತಲೆಬುಡ ಗೊತ್ತಾಗದ ಬಟನ್ನುಗಳು.

ಕ್ಲಿಪ್ ಎಳೆಯಲು ಹೋಗಿ ಅದಿದ್ದ ಡಬ್ಬಿಯನ್ನೇ, ಅಂದರೆ ಪ್ಯಾನೆಲ್ಲನ್ನೇ, ಎಳೆದೆ. ಅದು ಕಿತ್ತುಕೊಂಡು ಬಂದು ನಟ್ಟನಡುವೆ ನಿಂತಿತು. ಮುಚ್ಚಿದರೆ ಟೈಮ್‌ಲೈನೇ ಮಾಯ! ಮಾಡಿದ್ದೆಲ್ಲ ಹೋಯಿತು ಅಂತ ರೇಣುಕಾಳನ್ನು ಕೂಗಿದೆ.

ರೇಣುಕಾ ಮೇಲಿನ ವಿಂಡೋ ಮೆನು ತೆರೆದು ಒಂದೊಂದೇ ಓದುತ್ತ ಹೋದಳು. ಅದರಲ್ಲಿ ರೀಸೆಟ್ ಅಂತ ಇತ್ತು. ಒತ್ತಿದೆವು. ಡಬ್ಬಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

ಅಲ್ಲಿಗೆ ನನ್ನ ಹೆದರಿಕೆ ಬಿಟ್ಟಿತು. ಏನೇ ಕೆಡಿಸಿದರೂ ರೀಸೆಟ್ ಇದೆಯಲ್ಲ! ಸಿಕ್ಕ ಸಿಕ್ಕ ಟೂಲ್ ಹಿಡಿದು ನೋಡಿದೆ. ಸ್ಪೀಡ್ ಜಾಸ್ತಿ ಮಾಡಿ ರೇಣುಕಾಳನ್ನು ಬುಗುರಿಯಂತೆ ಗಿರಗಿರ ತಿರುಗಿಸಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಹೀಗೆ ಹುಡುಕುತ್ತಿರುವಾಗ ಕಲರ್ ಪ್ಯಾನೆಲ್ ಸಿಕ್ಕಿತು. ಅದರಲ್ಲಿ ಕಣ್ಣಿಗೆ ಔಷಧಿ ಬಿಡುವ ಡ್ರಾಪರ್‌ನಂಥ ಒಂದು ಗುರುತು. ಅದರಿಂದ ಚಿತ್ರದಲ್ಲಿ ಬಿಳಿ ಇರುವ ಕಡೆ ಒತ್ತಬೇಕು. ಅದನ್ನೇ ಬಿಳಿ ಅಂತ ಹಿಡಿದು ಉಳಿದ ಬಣ್ಣಗಳನ್ನೆಲ್ಲ ಅದು ಸರಿ ಮಾಡುತ್ತದಂತೆ.

ಅಷ್ಟೇನಾ! ರೇಣುಕಾಳ ಹಿಂದೆ ನಮ್ಮ ಗೋಡೆ ಇತ್ತಲ್ಲ, ಹಬ್ಬಕ್ಕೆ ಸುಣ್ಣ ಬಳಿದದ್ದು. ಅದರ ಮೇಲೆ ಒತ್ತಿದೆ.

ರೇಣುಕಾ ನೀಲಿಯಾದಳು.

"ಅತ್ತಿಗೀ, ಏನ್ ಮಾಡಿಟ್ರಿ? ಕ್ಯಾಲೆಂಡರ್‌ದಾಗಿನ ಶಿವಪ್ಪ ಆಗೀನಲ್ರಿ ನಾನು!"

ಹಗ್ಗದ ಮೇಲೆ ಒಣಗುತ್ತಿದ್ದ ಮನೆಯವರ ಬನಿಯನ್ ಮೇಲೆ ಒತ್ತಿದೆ. ಮತ್ತೆ ನೀಲಿ. ಬಾಗಿಲ ಹತ್ತಿರ ಮಲಗಿದ್ದ ಬಿಳಿ ನಾಯಿಯ ಮೇಲೆ ಒತ್ತಿದೆ. ಇನ್ನೂ ಜಾಸ್ತಿ ನೀಲಿ!

ಸಾಫ್ಟ್‌ವೇರೇ ಸರಿಯಿಲ್ಲ ಅಂತ ಬೈಯುತ್ತ ಹಾಕಿದ್ದನ್ನೆಲ್ಲ ತೆಗೆದು ಕ್ಲಿಪ್ಪಿನ ಶುರುವಿಗೆ ಹೋದೆ. ಹೊಸ ಸೀರೆಯ ಗಂಟು ಬಿಚ್ಚುವ ಮುಂಚೆ ಅತ್ತೆ ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಕ್ಯಾಮೆರಾ ಆಗಲೇ ಆನ್ ಆಗಿದ್ದರಿಂದ ಅದೂ ರೆಕಾರ್ಡ್ ಆಗಿತ್ತು. ಕಟ್ ಮಾಡೋಣ ಅಂತ ಹೋದವಳ ಕೈ ಅಲ್ಲೇ ನಿಂತಿತು.

ಕಾಯಿಯ ಹೋಳಿನ ಪಕ್ಕದಲ್ಲಿ ನಮ್ಮ ಸುಣ್ಣದ ಗೋಡೆ... ಗುಲಾಬಿ! ಬನಿಯನ್ನೂ ಗುಲಾಬಿ. ನಾಯಿಯ ಬಣ್ಣವಂತೂ ಕೇಳಲೇಬೇಡಿ.

ಇಷ್ಟು ವರ್ಷ ನಾನು ಅದನ್ನೇ ಬಿಳಿ ಅಂದುಕೊಂಡು ಬಾಳಿದ್ದೆ. ಸಾಫ್ಟ್‌ವೇರಿಗೆ ಸುಳ್ಳು ಹೇಳುತ್ತಿದ್ದವಳು ನಾನೇ, ಅದು ಪಾಪ ನಂಬಿ, ಇದ್ದಬದ್ದ ಕೆಂಪನ್ನೆಲ್ಲ ಕಿತ್ತು ನೀಲಿ ಮಾಡುತ್ತಿತ್ತು.

ಕಾಯಿ ಮಾತ್ರ ಆಗಷ್ಟೇ ಒಡೆದದ್ದು. ಧೂಳು ಕೂರಲು ಇನ್ನೂ ಟೈಮೇ ಸಿಕ್ಕಿರಲಿಲ್ಲ. ಡ್ರಾಪರ್ ಹಿಡಿದು ಕಾಯಿಯ ಮೇಲೆ ಒತ್ತಿ, ಕ್ಲಿಪ್ಪನ್ನು ಮುಂದಕ್ಕೆ ಓಡಿಸಿದೆ.

ಅಯ್ಯೋ, ನೀವು ನೋಡಬೇಕಿತ್ತು! ರೇಣುಕಾಳಿಗೆ ಅವಳ ಮುಖದ ಬಣ್ಣ ಬಂತು. ಹಸಿರು ಹಸಿರೇ ಆಯಿತು, ಗಿಣಿ ಹಸಿರು! ನಾನು ಕಿರುಚಿದ ರಭಸಕ್ಕೆ ಅತ್ತೆ ಸೌಟು ಹಿಡಿದೇ ಓಡಿಬಂದರು.

ಸೀರೆ ತಂದು ಸ್ಕ್ರೀನಿನ ಪಕ್ಕ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. "ಅಯ್ಯ ನಮ್ಮವ್ವ! ಭಾಳ ಬರೋಬ್ಬರಿ ಬಂದೈತಿ. ನಾ ಒಡದ ಕಾಯಿ ಫಲ ಕೊಡ್ತು ನೋಡು!"

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ!

ಅದೇ ಸೆಟ್ಟಿಂಗನ್ನು ಕಾಪಿ ಮಾಡಿ ಅವತ್ತಿನ ಉಳಿದ ಕ್ಲಿಪ್ಪುಗಳಿಗೂ ಹಾಕಿದೆ. ವಿಡಿಯೋ ನೋಡಿ ಗಿರಿಜಕ್ಕ ಆರ್ಡರ್ ಕೊಟ್ಟರು, ಗಂಟು ಕಂಪ್ಲಿಗೆ ಹೋಯಿತು. ಆಮೇಲೆ ಅವರ ಫೋನ್ ಬರುವವರೆಗೆ ನಾನು ಮೊಬೈಲ್ ಕೆಳಗಿಡಲಿಲ್ಲ.

ಫೋನ್ ಬಂತು. ಸ್ಪೀಕರ್ ಹಾಕಿದೆ, ಏನಾದರಾಗಲಿ ಅಂತ.

"ಏನ್ರೀ... ಮನಿ ಮಂದಿಯೆಲ್ಲ ಸೀರಿ ಒಂದ್ ಕೈಯಾಗ, ಮೊಬೈಲ್ ಒಂದ್ ಕೈಯಾಗ ಹಿಡ್ಕಂಡು ಕುಂತಿದ್ವಿ. ತಪ್ಪು ಹುಡುಕಿದ್ರೂ ಸಿಗವಲ್ದು! ಈಗ ಬೀಗರ ಕಡಿಯವ್ರೂ ಕೇಳಾಕತ್ಯಾರ. ಇನ್ನೊಂದು ಗಂಟು ಜಲ್ದಿ ಕಳಸ್ರಿ."

ಗೆದ್ದೆ! ಹೌದು, ನಾನೇ ಹೇಳಿಕೊಳ್ಳುತ್ತೇನೆ, ಅದರಲ್ಲಿ ನಾಚಿಕೆ ಏನು ಬಂತು? ಅತ್ತೆ ನನ್ನ ಮುಖ ನೋಡಲಿಲ್ಲ. "ರೇಣುಕಾ, ಅಂಗಡಿಗೆ ಹೋಗಿ ಚೊಲೊ ಕಾಯಿ ನೋಡಿ ತಗೊಂಡ್ ಬಾರವ್ವಾ" ಅಂತಷ್ಟೇ ಅಂದರು.

ನಿಮ್ಮ ಮನೆಯ ಬಿಳಿ ಗೋಡೆ ನಿಜಕ್ಕೂ ಬಿಳಿಯೇ? ಪಕ್ಕದಲ್ಲೊಂದು ಕಾಯಿ ಒಡೆದು ನೋಡಿ, ಆಮೇಲೆ ಹೇಳಿ.